ಕ್ಲಾಸ್ ಸಾಫ್ಟ್‌ವೇರ್: ಉತ್ತರ ಕರಾರುವಾಕ್ಕು, ದಾರಿ ಮಾತ್ರ ನಾವೇ ತೆರೆದು ನೋಡಬೇಕು

ಕಾಸ್ಮಾಲಜಿ ಪ್ರಾಜೆಕ್ಟ್ ಮಾಡುವ ಎಂಎಸ್ಸಿ ಮಕ್ಕಳಿಗೆ ಯಾವ ಸಾಫ್ಟ್‌ವೇರ್ ಹಾಕಿಕೊಡಲಿ ಅಂತ ಪರಿಚಯದ ಟೀಚರುಗಳು ಆಗಾಗ ಕೇಳುತ್ತಾರೆ. ವಿಷಯ ಇನ್‌ಫ್ಲೇಶನ್, ಅಂದರೆ ವಿಶ್ವ ಶುರುವಿನಲ್ಲಿ ಭಯಂಕರ ವೇಗದಲ್ಲಿ ಹಿಗ್ಗಿದ್ದು, ಆಗಿದ್ದರೆ ನನ್ನ ಉತ್ತರ ಒಂದೇ, ಕ್ಲಾಸ್. ವಿಶ್ವದ ಆರಂಭದ ಏರಿಳಿತಗಳು ಮುಂದೆ ಏನಾಗಿ ಕಾಣುತ್ತವೆ ಅಂತ ಲೆಕ್ಕ ಹಾಕುವ ಕೋಡ್ ಇದು. ಪೂರ್ತಿ ಹೆಸರು ಕಾಸ್ಮಿಕ್ ಲೀನಿಯರ್ ಅನೈಸೋಟ್ರೊಪಿ ಸಾಲ್ವಿಂಗ್ ಸಿಸ್ಟಮ್. ಜೂಲಿಯಾಂ ಲೆಸ್ಗೂರ್ಗ್ ಮತ್ತು ಥಾಮಸ್ ಟ್ರಾಮ್ ಇದರ ಮುಖ್ಯ ಲೇಖಕರು. ಬೇರೆ ಬಹಳ ಜನ ಕೈ ಸೇರಿಸಿದ್ದಾರೆ. 2011ರಿಂದ ಎಲ್ಲರಿಗೂ ಸಿಗುತ್ತಿದೆ. ಒಂದು ಪೈಸೆ ಕೊಡಬೇಕಿಲ್ಲ. ಸೋರ್ಸ್ ಕೋಡ್ ಗಿಟ್‌ಹಬ್‌ನಲ್ಲಿ ತೆರೆದೇ ಇದೆ. ಇದನ್ನು ಬಳಸಿ ಪೇಪರ್ ಬರೆದರೆ ನಮ್ಮ ಪೇಪರನ್ನು ಉಲ್ಲೇಖಿಸಿ ಅಂತ ಕೇಳುತ್ತಾರೆ, ಅಷ್ಟೇ.

ನಾನು ಮಂಡ್ಯದಲ್ಲಿ ಫಿಸಿಕ್ಸ್ ಪಾಠ ಮಾಡುವವಳು. ನಮ್ಮ ಲ್ಯಾಬಿನಲ್ಲಿರುವುದು ಹಳೇ ಡೆಸ್ಕ್‌ಟಾಪುಗಳು. ಉಬುಂಟು ಹಾಕಿಕೊಂಡು ಕೆಲಸ ನಡೆಸುತ್ತೇವೆ. ದೊಡ್ಡ ಸಂಶೋಧನಾ ಸಂಸ್ಥೆಗಳಲ್ಲಿ ಇರುವವರಿಗೆ ಈ ವಿಮರ್ಶೆ ಬೇಕಾಗಿಲ್ಲ, ಅವರು ಇದನ್ನು ದಿನಾ ಬಳಸುತ್ತಾರೆ. ನಮ್ಮಂಥ ಕಾಲೇಜುಗಳಲ್ಲಿ ಇರುವವರಿಗಾಗಿ ಬರೆಯುತ್ತಿದ್ದೇನೆ. ಇಡೀ ಕ್ಲಾಸ್ ಬಗ್ಗೆಯೂ ಅಲ್ಲ. ಅದರೊಳಗೆ ಪ್ರೈಮಾರ್ಡಿಯಲ್ ಅನ್ನುವ ಒಂದು ಮಾಡ್ಯೂಲ್ ಇದೆ. ಹೆಚ್ಚಿನವರು ಅದನ್ನು ಮುಟ್ಟುವುದೇ ಇಲ್ಲ. ನನಗೆ ಇಡೀ ಪ್ಯಾಕೇಜಿನಲ್ಲಿ ಅದೇ ಹೆಚ್ಚು ಇಷ್ಟ.

ಯಾಕೆ ಮುಟ್ಟುವುದಿಲ್ಲ ಅಂದರೆ, ಅದು ಬೇಕೇ ಆಗುವುದಿಲ್ಲ. ವಿಶ್ವದ ಆರಂಭದ ಏರಿಳಿತಗಳನ್ನು ಕ್ಲಾಸ್‌ಗೆ ಎರಡೇ ಅಂಕಿಯಲ್ಲಿ ಹೇಳಿಬಿಡಬಹುದು. ಒಂದು ಎ-ಎಸ್, ಅಂದರೆ ಏರಿಳಿತ ಎಷ್ಟು ದೊಡ್ಡದು ಅನ್ನುವುದು. ಇನ್ನೊಂದು ಎನ್-ಎಸ್, ಅಂದರೆ ಉದ್ದ ಅಲೆಗಳಿಗೂ ಗಿಡ್ಡ ಅಲೆಗಳಿಗೂ ಆ ಏರಿಳಿತ ಎಷ್ಟು ವ್ಯತ್ಯಾಸ ಆಗುತ್ತದೆ ಅನ್ನುವುದು. 2009ರಲ್ಲಿ ಹಾರಿದ ಪ್ಲಾಂಕ್ ಉಪಗ್ರಹದ 2018ರ ಫಲಿತಾಂಶದ ಪ್ರಕಾರ ಮೊದಲನೆಯದು ನೂರು ಕೋಟಿಯಲ್ಲಿ 2.1 ಪಾಲು. ಎರಡನೆಯದು 0.965, ಆಚೀಚೆ 0.004. ಈ ಎರಡನ್ನು ಫೈಲಿನಲ್ಲಿ ಬರೆದು ಓಡಿಸಿದರೆ ಕಾಸ್ಮಿಕ್ ಮೈಕ್ರೋವೇವ್ ಹಿನ್ನೆಲೆಯ, ಅಂದರೆ ಎಳೆಯ ವಿಶ್ವದಿಂದ ಉಳಿದು ಬಂದ ಬೆಳಕಿನ, ಗ್ರಾಫ್ ಕೆಲವೇ ಸೆಕೆಂಡಿನಲ್ಲಿ ಬರುತ್ತದೆ. ಮಕ್ಕಳು ಗ್ರಾಫ್ ಪ್ರಿಂಟ್ ತೆಗೆದು ರಿಪೋರ್ಟಿಗೆ ಅಂಟಿಸುತ್ತಾರೆ. ಪ್ರಾಜೆಕ್ಟ್ ಮುಗಿಯಿತು.

ಆದರೆ 0.965 ಎಲ್ಲಿಂದ ಬಂತು? ವೈವಾದಲ್ಲಿ ಈ ಪ್ರಶ್ನೆ ಕೇಳಿದರೆ "ಪ್ಲಾಂಕ್‌ನಿಂದ ಬಂತು ಮೇಡಂ" ಅನ್ನುತ್ತಾರೆ. ಅಳೆದದ್ದು ಪ್ಲಾಂಕ್, ಸರಿ. ಅದು 1 ಯಾಕಾಗಲಿಲ್ಲ, 0.5 ಯಾಕಾಗಲಿಲ್ಲ ಅನ್ನುವುದಕ್ಕೆ ಉತ್ತರ ಇನ್‌ಫ್ಲೇಶನ್ನಿನಲ್ಲಿದೆ. ಪ್ರೈಮಾರ್ಡಿಯಲ್ ಮಾಡ್ಯೂಲ್ ಮಾಡುವ ಕೆಲಸ ಇದೇ. ಆ ಎರಡು ಅಂಕಿಗಳನ್ನು ನಾವು ಕೊಡುವುದು ಬೇಡ. ಇನ್‌ಫ್ಲೇಶನ್ ನಡೆಸಿದ ಫೀಲ್ಡಿನ ಪೊಟೆನ್ಶಿಯಲ್, ಅಂದರೆ ಫೀಲ್ಡಿನ ಬೆಲೆ ಇಷ್ಟಿದ್ದರೆ ಅದರ ಎನರ್ಜಿ ಎಷ್ಟು ಅನ್ನುವುದನ್ನು ಕೊಟ್ಟರೆ ಸಾಕು. ಅಂಕಿಗಳನ್ನು ಅದೇ ಲೆಕ್ಕ ಹಾಕಿ ಕೊಡುತ್ತದೆ.

ಫಿಸಿಕ್ಸ್ ಒಂದು ಸಲ ನೆನಪು ಮಾಡಿಕೊಳ್ಳೋಣ. 1980ರ ಸುಮಾರಿಗೆ ರಷ್ಯಾದ ಸ್ಟಾರೊಬಿನ್‌ಸ್ಕಿ, ಅಮೆರಿಕದ ಅಲನ್ ಗುತ್ ಬೇರೆ ಬೇರೆ ದಾರಿಯಲ್ಲಿ ಒಂದೇ ಕಡೆ ಬಂದರು. ವಿಶ್ವ ತೀರಾ ಎಳೆಯದಾಗಿದ್ದಾಗ, ಸೆಕೆಂಡಿನ ಒಂದು ಸಣ್ಣ ಚೂರಿನಲ್ಲಿ, ಭಯಂಕರ ವೇಗದಲ್ಲಿ ಹಿಗ್ಗಿತು ಅಂತ. ಸಾಮಾನ್ಯವಾಗಿ ಹೇಳುವ ಲೆಕ್ಕ 60 ಇ-ಫೋಲ್ಡ್. ಒಂದು ಇ-ಫೋಲ್ಡಿಗೆ ದೂರ ಸುಮಾರು 2.7 ಪಟ್ಟಾಗುತ್ತದೆ. ಅಂದರೆ ದೂರಗಳು ಹೆಚ್ಚುಕಮ್ಮಿ 1ರ ಮುಂದೆ 26 ಸೊನ್ನೆಯಷ್ಟು ಪಟ್ಟು ಹಿಗ್ಗಿದವು. 1981ರಲ್ಲಿ ಮುಖಾನೊವ್ ಮತ್ತು ಚಿಬಿಸೊವ್ ಇನ್ನೊಂದು ಮಾತು ತೋರಿಸಿಕೊಟ್ಟರು. ಕ್ವಾಂಟಮ್ ನಿಯಮದ ಪ್ರಕಾರ ಯಾವ ಫೀಲ್ಡೂ ಪೂರ್ತಿ ಸುಮ್ನೆ ಇರಲಾರದು. ಆ ಸಣ್ಣ ಅಲುಗಾಟವೇ ಹಿಗ್ಗಿ, ಮುಂದೆ ಗ್ಯಾಲಕ್ಸಿಗಳಿಗೆ ಬೀಜವಾಗಬಹುದು ಅಂತ.

ಒಂದೊಂದು ಅಲೆಯ ಉದ್ದಕ್ಕೂ ಒಂದು ಸಮೀಕರಣ. ಮುಖಾನೊವ್-ಸಸಾಕಿ ಸಮೀಕರಣ ಅಂತ ಹೆಸರು. ನೋಡಲು ಸ್ಪ್ರಿಂಗಿನ ಸಮೀಕರಣದ ಹಾಗೇ ಇರುತ್ತದೆ. ಅದರಲ್ಲಿ ಎರಡು ಪದಗಳ ಜಗ್ಗಾಟ. ಒಂದು ಕಡೆ ಕೆ ವರ್ಗ. ಕೆ ಅಂದರೆ ಅಲೆಯ ಸಂಖ್ಯೆ, ಅಲೆ ಗಿಡ್ಡವಾದಷ್ಟೂ ಕೆ ದೊಡ್ಡದು. ಇನ್ನೊಂದು ಕಡೆ ವಿಶ್ವದ ಹಿಗ್ಗುವಿಕೆಯಿಂದ ಬರುವ ಪದ. ಅಲೆ ಇನ್ನೂ ಚಿಕ್ಕದಿರುವಾಗ ಕೆ ವರ್ಗ ಗೆಲ್ಲುತ್ತದೆ, ಅಲೆ ಆಡುತ್ತಾ ಇರುತ್ತದೆ. ವಿಶ್ವ ಹಿಗ್ಗುತ್ತಾ ಅಲೆಯೂ ಎಳೆದುಕೊಂಡು ಉದ್ದವಾಗುತ್ತದೆ. ಅದರ ಉದ್ದ ಹಬಲ್ ಹರೈಸನ್ನನ್ನು, ಅಂದರೆ ಹಿಗ್ಗುವ ದರದಿಂದ ಗೊತ್ತಾಗುವ ಒಂದು ದೂರವನ್ನು, ದಾಟಿದಾಗ ಎರಡನೇ ಪದ ಗೆಲ್ಲುತ್ತದೆ. ಆಟ ನಿಲ್ಲುತ್ತದೆ. ವಕ್ರತೆಯ ಏರಿಳಿತ ಅನ್ನುವ ಒಂದು ಪ್ರಮಾಣ ಇದ್ದಲ್ಲೇ ಇರುತ್ತದೆ, ಮುಂದೆ ವಿಶ್ವದಲ್ಲಿ ಏನೇ ಆದರೂ ಹರೈಸನ್ನಿನ ಒಳಗೆ ವಾಪಸ್ ಬರುವವರೆಗೆ ಬದಲಾಗುವುದಿಲ್ಲ.

ಇದನ್ನು ಹೇಳುವಾಗ ನಾನು ಆಲೆಮನೆಯನ್ನು ನೆನಪಿಸುತ್ತೇನೆ. ನಮ್ಮ ಕಡೆ ಮಕ್ಕಳೆಲ್ಲ ನೋಡಿರುತ್ತಾರೆ. ಕೊಪ್ಪರಿಗೆಯಿಂದ ಪಾಕ ಸುರಿದು ಆರಲು ಬಿಟ್ಟಾಗ ಮೇಲೆ ಸಣ್ಣ ಅಲೆಗಳು ಓಡಾಡುತ್ತವೆ. ಪಾಕ ಗಟ್ಟಿಯಾಗುತ್ತಿದ್ದಂತೆ ಅಲೆ ಆಡಲಾರದೆ ನಿಂತುಬಿಡುತ್ತದೆ, ಗುರುತು ಬೆಲ್ಲದ ಮೇಲೆ ಉಳಿಯುತ್ತದೆ. ಒಂದು ಎಚ್ಚರಿಕೆಯನ್ನೂ ಜೊತೆಗೇ ಹೇಳುತ್ತೇನೆ. ಪಾಕ ಎಲ್ಲ ಅಲೆಗಳಿಗೂ ಒಟ್ಟಿಗೇ ಗಟ್ಟಿಯಾಗುತ್ತದೆ. ಇನ್‌ಫ್ಲೇಶನ್ನಿನಲ್ಲಿ ಹಾಗಲ್ಲ. ಉದ್ದ ಅಲೆ ಮೊದಲು ನಿಲ್ಲುತ್ತದೆ, ಗಿಡ್ಡ ಅಲೆ ಆಮೇಲೆ. 0.965ರ ಕಥೆ ಪೂರ್ತಿ ಈ "ಮೊದಲು, ಆಮೇಲೆ"ಯಲ್ಲೇ ಇದೆ. ಇನ್‌ಫ್ಲೇಶನ್ ನಡೆಯುತ್ತಿರುವಾಗ ಹಿಗ್ಗುವ ದರ ನಿಧಾನಕ್ಕೆ ಇಳಿಯುತ್ತಿರುತ್ತದೆ, ಫೀಲ್ಡಿನ ಉರುಳುವ ವೇಗ ಏರುತ್ತಿರುತ್ತದೆ. ಹಾಗಾಗಿ ತಡವಾಗಿ ನಿಂತ ಅಲೆಗೆ ಸ್ವಲ್ಪ ಕಮ್ಮಿ ಸಿಗುತ್ತದೆ. ಎಷ್ಟು ಕಮ್ಮಿ? ಕೆ ಸಾವಿರ ಪಟ್ಟು ದೊಡ್ಡದಾದರೆ ಶಕ್ತಿ, ಅಂದರೆ ಏರಿಳಿತದ ಗಾತ್ರದ ವರ್ಗ, ಸುಮಾರು ಶೇ. 21ರಷ್ಟು ಇಳಿಯುತ್ತದೆ. 0.965ರಲ್ಲಿ 1 ಕಳೆದರೆ ಮೈನಸ್ 0.035. ಕ್ಯಾಲ್ಕುಲೇಟರಿನಲ್ಲಿ ಸಾವಿರದ ಘಾತ ಮೈನಸ್ 0.035 ಒತ್ತಿದರೆ 0.785 ಬರುತ್ತದೆ.

ಈಗ ಸಾಫ್ಟ್‌ವೇರಿಗೆ ಬರೋಣ. ಕ್ಲಾಸ್ ಇದನ್ನೆಲ್ಲ ಹೇಗೆ ಮಾಡುತ್ತದೆ ಅನ್ನುವುದು ಅದರ ಸೋರ್ಸ್ ಫೋಲ್ಡರಿನ ಪ್ರೈಮಾರ್ಡಿಯಲ್ ಡಾಟ್ ಸಿ ಎಂಬ ಫೈಲಿನಲ್ಲಿದೆ. ಇದನ್ನು ನಾನು ಮಕ್ಕಳ ಪಕ್ಕದಲ್ಲಿ ಕೂತು ಓದಿಸುತ್ತೇನೆ. ಕೋಡ್ ಅಷ್ಟು ಚೊಕ್ಕವಾಗಿ ಬರೆದಿದ್ದಾರೆ. ಪ್ರತಿ ಫಂಕ್ಷನ್ನಿನ ತಲೆಯ ಮೇಲೂ ಅದು ಏನು ಮಾಡುತ್ತದೆ ಅಂತ ಬಿಡಿಸಿ ಬರೆದಿದೆ. ಸಿ ಭಾಷೆ ಅಷ್ಟಕ್ಕಷ್ಟೇ ಬರುವವರೂ ಹಿಂಬಾಲಿಸಬಹುದು.

ಅದರಲ್ಲಿ ಒಂದೇ ಒಂದು ಅಲೆಯನ್ನು ಹಿಡಿದು ನಡೆಸುವ ಫಂಕ್ಷನ್ ಇದೆ. ಹೆಸರಿನ ಕೊನೆ ಒನ್-ಕೆ. ಶುರುವಿನಲ್ಲಿ ನಾಲ್ಕು ಸಾಲು. ಅಲೆಯ ನೈಜ ಭಾಗ, 1 ಭಾಗಿಸು 2 ಕೆ-ಯ ವರ್ಗಮೂಲ. ಕಾಲ್ಪನಿಕ ಭಾಗ ಸೊನ್ನೆ. ನೈಜ ಭಾಗದ ಇಳಿಜಾರು ಸೊನ್ನೆ. ಕಾಲ್ಪನಿಕ ಭಾಗದ ಇಳಿಜಾರು ಮೈನಸ್ ಕೆ ಗುಣಿಸು ಮೊದಲನೆಯದು. ಪುಸ್ತಕದಲ್ಲಿ ಬಂಚ್-ಡೇವಿಸ್ ವ್ಯಾಕ್ಯೂಮ್, ಅಂದರೆ ಫೀಲ್ಡಿನ ಅತಿ ಕಮ್ಮಿ ಅಲುಗಾಟದ ಸ್ಥಿತಿ, ಅಂತ ಪುಟಗಟ್ಟಲೆ ಓದಿದ್ದು ಇಲ್ಲಿ ಈ ನಾಲ್ಕು ಸಾಲಿನಲ್ಲಿ ಕೂತಿದೆ. ಕ್ವಾಂಟಮ್ ಮೆಕ್ಯಾನಿಕ್ಸಿನಿಂದ ಬಂದದ್ದು ಇಷ್ಟೇ. ಆಮೇಲಿನದೆಲ್ಲ ಮಾಮೂಲಿ ಡಿಫರೆನ್ಷಿಯಲ್ ಸಮೀಕರಣ. ಇದನ್ನು ಕಣ್ಣಾರೆ ನೋಡಿದ ಮೇಲೆ ಮಕ್ಕಳಿಗೆ "ಕ್ವಾಂಟಮ್ ಏರಿಳಿತ" ಅನ್ನುವ ಮಾತಿನ ಭಯ ಹೋಗುತ್ತದೆ.

ಎಲ್ಲಿಂದ ಶುರು, ಎಲ್ಲಿ ಮುಕ್ತಾಯ ಅನ್ನುವುದು ಇನ್ನೂ ಚೆನ್ನಾಗಿದೆ. ಕೆ-ಯನ್ನು ಹರೈಸನ್ನಿನ ಉದ್ದಕ್ಕೆ ತಕ್ಕ ಕೆ-ಯಿಂದ ಭಾಗಿಸಿದರೆ ಒಂದು ಅನುಪಾತ ಸಿಗುತ್ತದೆ. ಆ ಅನುಪಾತ 100 ಇರುವಾಗ, ಅಂದರೆ ಅಲೆ ಹರೈಸನ್ನಿನ ತುಂಬಾ ಒಳಗಿರುವಾಗ ಲೆಕ್ಕ ಶುರುವಾಗುತ್ತದೆ. ನಿಲ್ಲಿಸಲು ಎರಡು ಷರತ್ತು. ಅನುಪಾತ 50ರಲ್ಲಿ 1ಕ್ಕಿಂತ ಕೆಳಗೆ ಇಳಿದಿರಬೇಕು. ಅದರ ಜೊತೆಗೆ, ಒಂದು ಇ-ಫೋಲ್ಡಿಗೆ ಶಕ್ತಿ ಬದಲಾಗುವ ದರ ಸಾವಿರದಲ್ಲಿ 1ಕ್ಕಿಂತ ಕಮ್ಮಿಯಾಗಿರಬೇಕು. ಎರಡೂ ಆಗುವವರೆಗೆ ಬಿಡುವುದಿಲ್ಲ. 100ರಿಂದ 50ರಲ್ಲಿ 1 ಅಂದರೆ ಒಟ್ಟು 5000 ಪಟ್ಟು, ಸುಮಾರು 8.5 ಇ-ಫೋಲ್ಡ್. 60ರಲ್ಲಿ ಒಂದೊಂದು ಅಲೆಗೂ ನಿಜವಾಗಿ ಬೇಕಾಗಿದ್ದು ಆ 8.5 ಮಾತ್ರ. ಅದಕ್ಕೆ ಮೊದಲು ವ್ಯಾಕ್ಯೂಮ್, ಅದರ ನಂತರ ನಿಶ್ಚಲ.

ಇಲ್ಲಿ ನನಗೆ ಪಾಠ ಮಾಡಲು ತುಂಬಾ ಉಪಯೋಗವಾದ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. "ಹರೈಸನ್ ದಾಟುವಾಗ ಅಲೆ ನಿಂತುಬಿಡುತ್ತದೆ" ಅಂತ ಎಲ್ಲ ಕಡೆ ಬರೆದಿರುತ್ತಾರೆ. ಓದಿದವರಿಗೆ ಅನ್ನಿಸುವುದು, ದಾಟಿದ ಕ್ಷಣದಲ್ಲೇ ಬ್ರೇಕ್ ಬಿತ್ತು ಅಂತ. ಹಾಗಾಗುವುದಿಲ್ಲ. ಹಿಗ್ಗುವ ದರ ಬದಲಾಗದೆ ಇರುವ ಸರಳ ಉದಾಹರಣೆಯಲ್ಲಿ ಶಕ್ತಿ, ಕೊನೆಯ ಬೆಲೆಗೆ 1 ಕೂಡು ಆ ಅನುಪಾತದ ವರ್ಗವನ್ನು ಗುಣಿಸಿದಷ್ಟು ಇರುತ್ತದೆ. ದಾಟುವ ಕ್ಷಣದಲ್ಲಿ ಅನುಪಾತ 1. ಹಾಗಾದರೆ ಶಕ್ತಿ ಕೊನೆಯ ಬೆಲೆಯ ಎರಡು ಪಟ್ಟು! ಇನ್ನೂ ಅರ್ಧ ಇಳಿಯಬೇಕು. ಒಂದು ಇ-ಫೋಲ್ಡ್ ಆದ ಮೇಲೂ ಶೇ. 13ರಷ್ಟು ಜಾಸ್ತಿ ಇರುತ್ತದೆ. ಎರಡು ಆದಾಗ ಶೇ. 2ರ ಹತ್ತಿರ. ಮೂರಕ್ಕೆ ಶೇ. ಕಾಲು. ಪ್ಲಾಂಕ್‌ನ ಅಳತೆ ಎ-ಎಸ್ ಅನ್ನು ಶೇ. 1.5ರ ಮಟ್ಟದಲ್ಲಿ ಹಿಡಿದಿದೆ. ಅಂಥ ಡೇಟಾದ ಎದುರು "ದಾಟಿದ ಕೂಡಲೇ" ಅಂತ ಲೆಕ್ಕ ನಿಲ್ಲಿಸಿದರೆ ನಡೆಯುವುದಿಲ್ಲ ಅಲ್ವಾ? ಕ್ಲಾಸ್ 50ರಲ್ಲಿ 1ರವರೆಗೆ ಯಾಕೆ ಕಾಯುತ್ತದೆ ಅಂತ ಆಗ ಗೊತ್ತಾಗುತ್ತದೆ. ಆ ಹೊತ್ತಿಗೆ ಉಳಿಯುವ ವ್ಯತ್ಯಾಸ ಹತ್ತು ಸಾವಿರದಲ್ಲಿ 4.

ಇಷ್ಟು ಒಳ್ಳೆಯ ಕೆಲಸವನ್ನು ಕ್ಲಾಸ್ ನಮಗೆ ತೋರಿಸುವುದಿಲ್ಲ. ನನ್ನ ದೊಡ್ಡ ಅಸಮಾಧಾನ ಇದೇ. ಓಡಿಸಿದಾಗ ಸಿಗುವುದು ಕೊನೆಯ ಸ್ಪೆಕ್ಟ್ರಮ್ ಮಾತ್ರ. ಒಂದು ಕಾಲಂ ಕೆ, ಇನ್ನೊಂದು ಕಾಲಂ ಶಕ್ತಿ, ಗುರುತ್ವದ ಅಲೆಗಳನ್ನೂ ಕೇಳಿದ್ದರೆ ಅದರದ್ದೊಂದು ಕಾಲಂ. ಅಲೆ ಆಡಿದ್ದು, ಇಳಿದದ್ದು, ನಿಂತದ್ದು ಎಲ್ಲ ಮೆಮೊರಿಯಲ್ಲೇ ಹುಟ್ಟಿ ಅಲ್ಲೇ ಅಳಿದುಹೋಗುತ್ತದೆ. ಮುಂದಿನ ಹಂತದ ಅಲೆಗಳಿಗೆ, ಅಂದರೆ ಫೋಟಾನ್, ಬೇರಿಯಾನ್, ಡಾರ್ಕ್ ಮ್ಯಾಟರ್ ಕಾಲಕ್ಕೆ, ಕಾಲಕಾಲದ ಬೆಲೆಗಳನ್ನು ಫೈಲಿಗೆ ಬರೆಸುವ ಆಯ್ಕೆ ಕೊಟ್ಟಿದ್ದಾರೆ. ಇನ್‌ಫ್ಲೇಶನ್ ಭಾಗಕ್ಕೂ ಅಂಥದ್ದು ಇದ್ದಿದ್ದರೆ ಕಲಿಯುವವರಿಗೆ ಎಷ್ಟು ಅನುಕೂಲ ಆಗುತ್ತಿತ್ತು.

ಪರಿಹಾರ ಕಷ್ಟದ್ದಲ್ಲ. ಆ ಒನ್-ಕೆ ಫಂಕ್ಷನ್ನಿನ ಲೂಪಿನೊಳಗೆ ಪ್ರಿಂಟ್-ಎಫ್‌ನ ಒಂದು ಸಾಲು ಸೇರಿಸಿ ಮತ್ತೆ ಮೇಕ್ ಮಾಡಿದರೆ ಸಾಕು. ನಮ್ಮ ಮಕ್ಕಳು ಹಾಗೇ ಮಾಡುತ್ತಾರೆ. ಮೊದಲ ಗ್ರಾಫ್ ಬಂದಾಗ ಒಬ್ಬ ಹುಡುಗಿ ಕೇಳಿದಳು, "ಮೇಡಂ, ಅಲೆ ಆಡುತ್ತದೆ ಅಂದ್ರಿ. ಇಲ್ಲಿ ನುಣ್ಣಗೆ ಇಳಿದು ಸಮ ಆಗಿಬಿಟ್ಟಿದೆ. ಆಟ ಎಲ್ಲಿ?" ತುಂಬಾ ಒಳ್ಳೆಯ ಪ್ರಶ್ನೆ. ಅವಳು ಬರೆದಿದ್ದು ಶಕ್ತಿಯ ಗ್ರಾಫ್, ಅಂದರೆ ನೈಜ ಭಾಗದ ವರ್ಗಕ್ಕೆ ಕಾಲ್ಪನಿಕ ಭಾಗದ ವರ್ಗ ಕೂಡಿಸಿದ್ದು. ಒಂದು ಏರಿದಾಗ ಇನ್ನೊಂದು ಇಳಿದು ಮೊತ್ತ ನುಣ್ಣಗಾಗುತ್ತದೆ. ನೈಜ ಭಾಗವನ್ನು ಬೇರೆಯಾಗಿ ಬರೆಸಿದಳು. ಆಗ ಕಂಡಿತು. ಮೊದಲು ದಟ್ಟವಾದ ಏರಿಳಿತ, ಆಮೇಲೆ ಬಿಡುಬಿಡುವಾಗಿ, ಕೊನೆಗೆ ಒಂದೇ ಗೆರೆ. ಈ ಒಂದು ಗ್ರಾಫಿಗಾಗಿಯಾದರೂ ಕ್ಲಾಸ್ ಹಾಕಿಕೊಳ್ಳಿ ಅನ್ನುತ್ತೇನೆ ನಾನು.

ಪೊಟೆನ್ಶಿಯಲ್ ಕೊಡಲು ಬೇರೆ ಬೇರೆ ದಾರಿ ಇದೆ. ಇನ್‌ಫ್ಲೇಶನ್-ವಿ ಅನ್ನುವ ಆಯ್ಕೆಯಲ್ಲಿ ನಾವು ನೋಡಬಲ್ಲ ಅಲೆಗಳು ನಿಂತ ಆ ಚಿಕ್ಕ ಜಾಗದ ಸುತ್ತ ಮಾತ್ರ ಪೊಟೆನ್ಶಿಯಲ್ಲಿನ ಆಕಾರ ಹೇಳಿದರೆ ಸಾಕು. ಬೆಲೆ, ಇಳಿಜಾರು, ಬಾಗು, ಹೀಗೆ ನಾಲ್ಕನೇ ಅವಕಲನದವರೆಗೆ. ಇದು ಪ್ರಾಮಾಣಿಕವಾದ ದಾರಿ ಅಂತ ನನ್ನ ಅಭಿಪ್ರಾಯ, ಯಾಕೆಂದರೆ ಡೇಟಾ ಹೇಳುವುದು ಆ ಚಿಕ್ಕ ಜಾಗದ ಬಗ್ಗೆ ಮಾತ್ರ. ಇನ್‌ಫ್ಲೇಶನ್-ವಿ-ಎಂಡ್ ಅನ್ನುವ ಇನ್ನೊಂದರಲ್ಲಿ ಪೂರ್ತಿ ಪೊಟೆನ್ಶಿಯಲ್ ಕೊಟ್ಟು ಇನ್‌ಫ್ಲೇಶನ್ ಮುಗಿಯುವವರೆಗೆ ನಡೆಸಬಹುದು. ಹಿಗ್ಸ್ ಕಣದ ಫೀಲ್ಡೇ ಇನ್‌ಫ್ಲೇಶನ್ ನಡೆಸಿತು ಅನ್ನುವ ಹಿಗ್ಸ್ ಇನ್‌ಫ್ಲೇಶನ್ ಮಾದರಿ ಅದರಲ್ಲಿ ಸಿದ್ಧವಾಗೇ ಇದೆ.

ಮಕ್ಕಳಿಗೆ ನಾನು ಮೊದಲು ಕೊಡುವುದು ಫೀಲ್ಡಿನ ವರ್ಗಕ್ಕೆ ಅನುಪಾತವಾಗಿರುವ ಪೊಟೆನ್ಶಿಯಲ್. ಪೇಪರಿನ ಮೇಲೆ 60 ಇ-ಫೋಲ್ಡಿಗೆ ಎನ್-ಎಸ್ 0.967, ವಕ್ರತೆಯ ಏರಿಳಿತದ ಶಕ್ತಿಗೆ ಹೋಲಿಸಿದರೆ ಗುರುತ್ವದ ಅಲೆಗಳ ಪಾಲು 0.13 ಅಂತ ಎರಡು ಸಾಲಿನಲ್ಲಿ ಬರುತ್ತದೆ. ಅದನ್ನೇ ಕ್ಲಾಸ್‌ನಿಂದ ತೆಗೆಸಿ ಹೋಲಿಸಬೇಕು. ಎನ್-ಎಸ್ ನೋಡಿ ಮಕ್ಕಳು ಖುಷಿಪಡುತ್ತಾರೆ, ಪ್ಲಾಂಕ್‌ಗೆ ಹೊಂದಿತು ಅಂತ. ಆಮೇಲೆ ಎರಡನೇ ಅಂಕಿ ನೋಡಿ ಅನ್ನುತ್ತೇನೆ. ದಕ್ಷಿಣ ಧ್ರುವದ ಬೈಸೆಪ್-ಕೆಕ್ ದೂರದರ್ಶಕಗಳ 2021ರ ಫಲಿತಾಂಶದ ಪ್ರಕಾರ ಆ ಪಾಲು 0.036ಕ್ಕಿಂತ ಕಮ್ಮಿ ಇರಬೇಕು. 0.13 ಎಲ್ಲಿ, 0.036 ಎಲ್ಲಿ. ಅಷ್ಟು ಸರಳವಾಗಿ, ಚಂದವಾಗಿ ಇದ್ದ ಮಾದರಿ ಅಲ್ಲಿಗೆ ಮುಗಿಯಿತು. ಅದಾದ ಮೇಲೆ ಹಿಗ್ಸ್ ಮಾದರಿ ಓಡಿಸುತ್ತಾರೆ. ಎನ್-ಎಸ್ ಹೆಚ್ಚುಕಮ್ಮಿ ಅದೇ, ಗುರುತ್ವದ ಅಲೆಗಳ ಪಾಲು 0.003ರ ಆಸುಪಾಸು. ಸ್ಟಾರೊಬಿನ್‌ಸ್ಕಿಯವರ ಮಾದರಿ ಹೇಳುವುದೂ ಇದನ್ನೇ. 1980ರ ಮಾದರಿ ಇವತ್ತಿಗೂ ಡೇಟಾದ ಎದುರು ನಿಂತಿದೆ.

ಪೊಟೆನ್ಶಿಯಲ್ ಬರೆಯುವಾಗ ಒಂದು ಗಮನ ಇರಲಿ. ಇಳಿಜಾರು ಋಣಾತ್ಮಕ ಆಗಿರಬೇಕು ಅಂತ ಕೋಡ್ ಮೊದಲೇ ಊಹಿಸಿಕೊಂಡಿದೆ. ಧನಾತ್ಮಕ ಕೊಟ್ಟರೆ ನಿಂತುಬಿಡುತ್ತದೆ. ಫೀಲ್ಡಿನ ಚಿಹ್ನೆ ತಿರುಗಿಸಿದರೆ ಆಯಿತು, ಫಿಸಿಕ್ಸ್ ಬದಲಾಗುವುದಿಲ್ಲ. ನಿಂತಾಗ ಯಾಕೆ ನಿಂತೆ ಅಂತ ಸ್ಪಷ್ಟವಾಗಿ ಹೇಳುತ್ತದೆ, ಯಾವ ಫಂಕ್ಷನ್ ಯಾವುದನ್ನು ಕರೆದಾಗ ಎಡವಿತು ಅಂತ ಸಾಲಾಗಿ. ಎರರ್ ಮೆಸೇಜ್ ಹೀಗಿರಬೇಕು ಅಂತ ಕಂಪ್ಯೂಟರ್ ಸೈನ್ಸ್ ಮಕ್ಕಳಿಗೂ ತೋರಿಸಬಹುದು.

ಹಾಗೇ ಮುಂದುವರಿದು ಮೈಕ್ರೋವೇವ್ ಹಿನ್ನೆಲೆಯ ಗ್ರಾಫನ್ನೂ ಅದೇ ಫೈಲಿನಿಂದ ತೆಗೆಯಬಹುದು ಅನ್ನುವುದು ಕ್ಲಾಸ್‌ನ ದೊಡ್ಡ ಬಲ. ನಿಂತ ಅಲೆ 3,80,000 ವರ್ಷದ ನಂತರದ ಬೆಳಕಿನಲ್ಲಿ ಏನಾಗಿ ಕಾಣುತ್ತದೆ ಅಂತ ಒಂದೇ ಕಡೆ ನೋಡಬಹುದು. ಎ-ಎಸ್‌ನ ವರ್ಗಮೂಲ ತೆಗೆದರೆ ಲಕ್ಷದಲ್ಲಿ 4.6 ಪಾಲು. ಆಕಾಶದ ದೊಡ್ಡ ಕೋನಗಳಲ್ಲಿ ಉಷ್ಣಾಂಶದ ಏರಿಳಿತ ಅದರ ಐದನೇ ಒಂದು, ಅಂದರೆ ಲಕ್ಷದಲ್ಲಿ ಸುಮಾರು 1. ಕೋಬಿ ಉಪಗ್ರಹ 1992ರಲ್ಲಿ ಕಂಡಿದ್ದು ಇದೇ ಮಟ್ಟದ ಏರಿಳಿತ. ಇಷ್ಟು ದೂರದ ಎರಡು ಲೆಕ್ಕ ಮಕ್ಕಳ ನೋಟ್‌ಬುಕ್ಕಿನ ಒಂದೇ ಪುಟದಲ್ಲಿ ಸೇರುತ್ತದೆ.

ಆ ಗ್ರಾಫಿನ ಅಡ್ಡ ಅಕ್ಷದಲ್ಲಿ 220ರ ಹತ್ತಿರ ಮೊದಲ ಶಿಖರ, ಆಮೇಲೆ ಎರಡನೆಯದು, ಮೂರನೆಯದು. ಶಿಖರಗಳು ಇಷ್ಟು ಚೂಪಾಗಿ ಯಾಕಿವೆ ಅನ್ನುವುದಕ್ಕೂ ನಿಂತ ಅಲೆಗಳೇ ಕಾರಣ. ಹರೈಸನ್ನಿನ ಹೊರಗೆ ಎರಡು ಪರಿಹಾರಗಳಿರುತ್ತವೆ. ಒಂದು ಹಾಗೇ ಉಳಿಯುತ್ತದೆ, ಇನ್ನೊಂದು ಬೇಗ ಸತ್ತುಹೋಗುತ್ತದೆ. ಹಾಗಾಗಿ ಒಂದೇ ಉದ್ದದ ಅಲೆಗಳೆಲ್ಲ ಹರೈಸನ್ನಿನೊಳಗೆ ವಾಪಸ್ ಬಂದು ಮತ್ತೆ ಆಡಲು ಶುರು ಮಾಡುವಾಗ ಒಂದೇ ತಾಳದಲ್ಲಿರುತ್ತವೆ. ತಾಳ ತಪ್ಪಿದ್ದರೆ ಶಿಖರ, ಕಣಿವೆ ಎಲ್ಲ ಕಲಸಿ ಮಸುಕಾಗುತ್ತಿತ್ತು. ಕಾಸ್ಮಿಕ್ ಸ್ಟ್ರಿಂಗ್‌ಗಳಿಂದಲೇ, ಅಂದರೆ ಎಳೆಯ ವಿಶ್ವದಲ್ಲಿ ಇದ್ದಿರಬಹುದಾದ ದಾರದಂಥ ಎಳೆಗಳಿಂದಲೇ, ಏರಿಳಿತ ಹುಟ್ಟಿತು ಅನ್ನುವ ಹಳೇ ವಾದ ಬಿದ್ದುಹೋಗಿದ್ದು ಈ ಶಿಖರಗಳ ಎದುರು. ಪ್ಲಾಂಕ್ ತಂಡದಲ್ಲಿ ಕೆಲಸ ಮಾಡಿದ ತರುಣ್ ಸೌರದೀಪ್ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿ ಬಂದವರು ಅಂತ ಹೇಳಿದಾಗ ನಮ್ಮ ಮಕ್ಕಳ ಮುಖ ನೋಡಬೇಕು. ಇದೆಲ್ಲ ಎಲ್ಲೋ ದೂರದವರ ಕೆಲಸ ಅಂದುಕೊಂಡಿರುತ್ತಾರೆ.

ಇನ್‌ಸ್ಟಾಲ್ ಮಾಡುವುದು ಲಿನಕ್ಸ್‌ನಲ್ಲಿ ಸುಲಭ. ಜಿಸಿಸಿ, ಮೇಕ್, ಪೈಥಾನ್ ಬೇಕೆಂದರೆ ನಮ್‌ಪೈ, ಸೈಥಾನ್ ಇದ್ದರೆ ಆಯಿತು. ವಿಂಡೋಸ್ ಇದ್ದವರು ಒಳಗೆ ಒಂದು ಲಿನಕ್ಸ್ ಹಾಕಿಕೊಂಡೇ ಮಾಡಬೇಕು. ಎಕ್ಸ್‌ಪ್ಲನೇಟರಿ ಅಂತ ಒಂದು ಮಾದರಿ ಫೈಲ್ ಕೊಟ್ಟಿದ್ದಾರೆ. ಎಲ್ಲ ಆಯ್ಕೆಗಳೂ ವಿವರಣೆ ಸಮೇತ ಅದರಲ್ಲಿವೆ. ಮೊದಲ ಸಲ ತೆರೆದವರಿಗೆ ಅದರ ಉದ್ದ ನೋಡಿಯೇ ಸುಸ್ತಾಗಬಹುದು. ನಾನು ಅದರಿಂದ ಇನ್‌ಫ್ಲೇಶನ್ನಿಗೆ ಬೇಕಾದ ಸಾಲುಗಳನ್ನಷ್ಟೇ ಆರಿಸಿ ಕನ್ನಡದಲ್ಲಿ ಟಿಪ್ಪಣಿ ಸೇರಿಸಿ ಒಂದು ಚಿಕ್ಕ ಫೈಲ್ ಮಾಡಿಟ್ಟುಕೊಂಡಿದ್ದೇನೆ. ಹಳ್ಳಿಯಿಂದ ಬರುವ ಮಕ್ಕಳಿಗೆ ಮೊದಲ ದಿನ ಅದನ್ನೇ ಕೊಡುತ್ತೇನೆ. ನೀವೂ ಹಾಗೇ ಮಾಡಿ.

ಆಗದ ಕೆಲಸಗಳೂ ಇವೆ. ಇನ್‌ಫ್ಲೇಶನ್ ನಡೆಸುವ ಫೀಲ್ಡ್ ಒಂದೇ ಅಂತ ಇದು ಇಟ್ಟುಕೊಂಡಿದೆ. ಎರಡು ಮೂರು ಫೀಲ್ಡ್ ಸೇರಿದರೆ ಹರೈಸನ್ನಿನ ಹೊರಗೂ ವಕ್ರತೆಯ ಏರಿಳಿತ ಬದಲಾಗಬಹುದು. ಆಗ ನಾನು ಮೇಲೆ ಹೇಳಿದ "ನಿಂತಿತು" ಅನ್ನುವ ಮಾತೇ ನಡೆಯುವುದಿಲ್ಲ. ಅದಕ್ಕೆ ಮಲ್ಟಿಮೋಡ್‌ಕೋಡ್ ಇದೆ. ಮೂರು ಅಲೆಗಳ ನಡುವಿನ ಸಂಬಂಧ, ಅಂದರೆ ಬೈಸ್ಪೆಕ್ಟ್ರಮ್ ಬೇಕಾದವರಿಗೆ ಬಿಂಗೊ ಅನ್ನುವ ಕೋಡ್ ಇದೆ. ಅದನ್ನು ಬರೆದವರು ಧೀರಜ್ ಹಜ್ರಾ, ಎಲ್. ಶ್ರೀರಾಮ್‌ಕುಮಾರ್ ಮತ್ತು ಫ್ರಾನ್ಸಿನ ಜೆರೋಮ್ ಮಾರ್ಟಿನ್. ಶ್ರೀರಾಮ್‌ಕುಮಾರ್ ಮದ್ರಾಸ್ ಐಐಟಿಯವರು. ಇದೇ ಥರದ ಇನ್ನೊಂದು ಕೋಡ್ ಆದ ಕ್ಯಾಂಬ್ ಜೊತೆ ಹೋಲಿಸಿ ಅಂತ ಕೆಲವರು ಕೇಳುತ್ತಾರೆ. ಕ್ಯಾಂಬ್ ಕೂಡ ಅಷ್ಟೇ ನಂಬಿಕೆಯ ಕೋಡ್, ಪೈಥಾನ್‌ನಲ್ಲಿ ಹಾಕುವುದು ಇನ್ನೂ ಸಲೀಸು. ಆದರೆ ಅದಕ್ಕೆ ಆರಂಭದ ಸ್ಪೆಕ್ಟ್ರಮ್ ನಾವೇ ಕೊಡಬೇಕು. ಇನ್‌ಫ್ಲೇಶನ್ ನಡೆಸಿ ತೋರಿಸು ಅಂತ ಕೇಳುವಂತಿಲ್ಲ. ಆದ್ದರಿಂದ ಈ ವಿಷಯಕ್ಕೆ ನನ್ನ ಮತ ಕ್ಲಾಸ್‌ಗೇ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಕಳೆದ ಅರ್ಧ, ಅಲೆಯ ದಾರಿಯನ್ನು ಫೈಲಿಗೆ ಬರೆಸುವ ಆಯ್ಕೆ ಇಲ್ಲದ್ದಕ್ಕೆ.

ಶುರು ಮಾಡುವವರು ಮೊದಲೇ ಪೊಟೆನ್ಶಿಯಲ್ ಬದಲಾಯಿಸಲು ಹೋಗಬೇಡಿ. ಅಪ್ರಾಕ್ಸಿಮೇಶನ್ ಇಲ್ಲದೆ ಒಂದೇ ಒಂದು ಅಲೆಯನ್ನು ಪೈಥಾನ್‌ನಲ್ಲಿ ನೀವೇ ಬರೆದು ಓಡಿಸಿ. ಅರ್ಧ ಪುಟದ ಕೋಡ್ ಅದು. ಅದೇ ಅಲೆಯನ್ನು ಕ್ಲಾಸ್‌ನಿಂದ ತೆಗೆದು ಪಕ್ಕಪಕ್ಕ ಇಡಿ. ಹೊಂದಿದ ಮೇಲೆ ನಿಮ್ಮ ಪೊಟೆನ್ಶಿಯಲ್ಲಿಗೆ ಹೋಗಿ. ಇಂಟರ್ನೆಟ್ಟಿನಲ್ಲಿ ಸಿಗುವ ಹಳೇ ಟ್ಯುಟೋರಿಯಲ್‌ಗಳನ್ನು ಕಣ್ಣು ಮುಚ್ಚಿ ಕಾಪಿ ಮಾಡಬೇಡಿ. ಮೂರನೇ ಸರಣಿಯ ಆವೃತ್ತಿಯಲ್ಲಿ ಕೆಲವು ಪ್ಯಾರಾಮೀಟರುಗಳ ಹೆಸರು ಬದಲಾಗಿದೆ. ಗಿಟ್‌ಹಬ್‌ನಿಂದ ಹೊಸದನ್ನು ಇಳಿಸಿ, ಅದರ ಜೊತೆಗೇ ಬರುವ ಎಕ್ಸ್‌ಪ್ಲನೇಟರಿ ಫೈಲನ್ನು ಮಾತ್ರ ನಂಬಿ.